ನಲವತ್ತೆರಡು ಅಶ್ವಶಕ್ತಿಯ ಮರ್ಯಾದೆ



ಕಳೆದ ವಾರ್ಷಿಕ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು, ನಮ್ಮ ಮಕ್ಕಳು ಕಂಪ್ಯೂಟರ್ ಮುಂದೆ ಕುಳಿತು ಇಲ್ಲದ ಕಾರುಗಳನ್ನು ಕಟ್ಟುತ್ತ ಇರುವ ಆಯುಷ್ಯವನ್ನು ಹಾಳು ಮಾಡುತ್ತಿದ್ದಾರೆಂದು ಗುಡುಗಿದರು. ಸಭೆ ಚಪ್ಪಾಳೆ ತಟ್ಟಿತು. ನಾವೂ ತಟ್ಟಿದೆವು. ಆ ಚಪ್ಪಾಳೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಸಲುವಾಗಿಯೇ ಈ ಬರಹ.

ಚಪ್ಪಾಳೆಗಿಂತ ದೊಡ್ಡ ತಪ್ಪನ್ನೂ ನಾವು ಮಾಡಿದ್ದೇವೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹನ್ನೊಂದನೆಯ ತರಗತಿಯಲ್ಲಿರುವ ಮಗನ ಅರ್ಧವಾರ್ಷಿಕ ಅಂಕಪಟ್ಟಿ ಬಂದ ಸಂಜೆ, ಸಿಟ್ಟಿನ ಭರದಲ್ಲಿ ಅವನ ಕಂಪ್ಯೂಟರಿನಲ್ಲಿದ್ದ ಕಾರುಗಳನ್ನೆಲ್ಲ ಅಳಿಸಿಹಾಕಿದೆವು. ಮೂರು ತಿಂಗಳ ಕೆಲಸ. ಅವನು ಅಳಲಿಲ್ಲ, ಎದುರು ಮಾತನಾಡಲಿಲ್ಲ. ಒಳಗೆ ಹೋಗಿ ಒಂದು ನೋಟುಬುಕ್ಕನ್ನು ತಂದು ನಮ್ಮ ಮುಂದಿಟ್ಟು, "ಇದನ್ನೂ ಹರಿದುಬಿಡಿ" ಎಂದ. ಹರಿಯುವ ಮುನ್ನ ಓದುವುದು ಗುಮಾಸ್ತನ ಹುಟ್ಟುಗುಣ. ಓದಿದೆವು.

ಅವನು ಆಡುತ್ತಿದ್ದ ಆಟದ ಹೆಸರು ಆಟೊಮೇಷನ್. ನ್ಯೂಜಿಲೆಂಡಿನ ಕ್ಯಾಮ್‌ಶಾಫ್ಟ್ ಸಾಫ್ಟ್‌ವೇರ್ ಎಂಬ ಸಂಸ್ಥೆ ಮಾಡಿದ್ದು. ಅದರಲ್ಲಿ ೧೯೪೬ರಿಂದ ೨೦೨೦ರವರೆಗಿನ ಯಾವುದಾದರೂ ವರ್ಷವನ್ನು ಆರಿಸಿಕೊಂಡು, ಆ ವರ್ಷಕ್ಕೆ ತಕ್ಕ ಎಂಜಿನ್ ಮತ್ತು ಕಾರನ್ನು ಕಟ್ಟಬೇಕು. ಸಿಲಿಂಡರ್ ಎಷ್ಟು, ಬೋರ್ ಎಷ್ಟು, ಸ್ಟ್ರೋಕ್ ಎಷ್ಟು, ಸಂಪೀಡನ ಅನುಪಾತವೆಷ್ಟು, ಯಾವ ಪೆಟ್ರೋಲು, ಎಂಥ ಸ್ಪ್ರಿಂಗು, ಎಂಥ ಬ್ರೇಕು, ಇವೆಲ್ಲವನ್ನೂ ನಾವೇ ತೀರ್ಮಾನಿಸಬೇಕು. ಪೆಟ್ರೋಲಿನ ಆಕ್ಟೇನ್ ಕಡಿಮೆಯಿದ್ದು ಸಂಪೀಡನ ಹೆಚ್ಚಾದರೆ ಎಂಜಿನ್ ಬಡಿದುಕೊಳ್ಳುತ್ತದೆಂದು ಆಟ ಎಚ್ಚರಿಸುತ್ತದೆ. ಆಗ ಸಂಪೀಡನ ಇಳಿಸಬೇಕು, ಇಲ್ಲವೇ ಕಿಡಿ ಹಾರುವ ಗಳಿಗೆಯನ್ನು ಹಿಂದೂಡಬೇಕು. ಎರಡರಲ್ಲೂ ಶಕ್ತಿ ಸ್ವಲ್ಪ ಹೋಗುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು. ಸಂಸಾರಸ್ಥರಾದ ನಮಗೆ ಇದನ್ನು ಬೇರೆ ಬಿಡಿಸಿ ಹೇಳಬೇಕೆ?

ನೋಟುಬುಕ್ಕಿನ ಮೊದಲ ಪುಟದಲ್ಲಿ 'ಶರಾವತಿ ೧೧೦೦, ವರ್ಷ ೧೯೭೬, ಬೆಂಗಳೂರು' ಎಂದಿತ್ತು. ಅದರ ಕೆಳಗೆ ಒಂದು ಪ್ರಶ್ನೆ: ವಿಶ್ವೇಶ್ವರಯ್ಯನವರ ಕಾರ್ಖಾನೆ ನಿಜವಾಗಿ ಆಗಿದ್ದರೆ? ೧೯೩೦ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ನಮ್ಮ ದೇಶದಲ್ಲೇ ಮೋಟಾರು ಕಾರು ತಯಾರಾಗಬೇಕೆಂದು ಯೋಜನೆ ಹಾಕಿದ್ದರು. ಅಂದಿನ ಬ್ರಿಟಿಷ್ ಸರ್ಕಾರ ಅದಕ್ಕೆ ಬೆಂಬಲ ಕೊಡಲಿಲ್ಲ. ಮುಂದೆ ವಾಲ್‌ಚಂದ್ ಹೀರಾಚಂದರು ೧೯೪೪ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸನ್ನು ಸ್ಥಾಪಿಸಿದ್ದು ಇದೇ ನಮ್ಮ ಮುಂಬಯಿಯಲ್ಲಿ. ಆ ಕಂಪೆನಿಯ ಪದ್ಮಿನಿ ಟ್ಯಾಕ್ಸಿಯಲ್ಲಿ ಟ್ರಂಕು, ಹಾಸಿಗೆ, ಉಪ್ಪಿನಕಾಯಿ ಭರಣಿ ಸಮೇತ ಸ್ಟೇಷನ್ನಿನಿಂದ ಮನೆ ಸೇರಿದ ಕುಟುಂಬಗಳು ನಮ್ಮ ಸಂಘದಲ್ಲಿ ಎಷ್ಟಿಲ್ಲ! ೨೦೨೩ರ ಅಕ್ಟೋಬರಿನಲ್ಲಿ ಆ ಟ್ಯಾಕ್ಸಿಗಳಲ್ಲಿ ಕೊನೆಯದೂ ಮುಂಬಯಿಯ ರಸ್ತೆಯಿಂದ ಮರೆಯಾಯಿತು. ಹುಡುಗ ಪದ್ಮಿನಿಯ ಅಳತೆಯನ್ನೂ ಪಕ್ಕದಲ್ಲಿ ಬರೆದುಕೊಂಡಿದ್ದ: ಬೋರ್ ೬೮ ಮಿ.ಮೀ., ಸ್ಟ್ರೋಕ್ ೭೫ ಮಿ.ಮೀ., ಸಿಲಿಂಡರ್ ನಾಲ್ಕು. ಬಿ.ಎಸ್ಸಿ. ಓದಿದ್ದರ ಋಣಕ್ಕೆ ನಾವೂ ಪೆನ್ಸಿಲ್ ಹಿಡಿದು ಗುಣಿಸಿ ನೋಡಿದೆವು. ೧೦೮೯ ಘನ ಸೆಂಟಿಮೀಟರ್, ಸರಿಯಾಗಿತ್ತು. ಪದವಿ ಪಡೆದ ಮೇಲೆ ಸಿಲಿಂಡರಿನ ಘನಫಲವನ್ನು ನಾವು ಲೆಕ್ಕ ಹಾಕಿದ್ದು ಅಂದೇ ಮೊದಲು.

ಮುಂದಿನ ಪುಟಗಳಲ್ಲಿ ಪ್ರತಿಯೊಂದು ತೀರ್ಮಾನಕ್ಕೂ ಕಾರಣ ಬರೆದಿತ್ತು. ೧೯೭೩ರ ತೈಲ ಬಿಕ್ಕಟ್ಟಿನ ಮೇಲೆ ಪೆಟ್ರೋಲು ದುಬಾರಿ, ಆದ್ದರಿಂದ ಎಂಜಿನ್ ಚಿಕ್ಕದು. ಹಳ್ಳಿಯ ಮೆಕ್ಯಾನಿಕ್ಕೂ ಬಿಚ್ಚಿ ಜೋಡಿಸಬೇಕು, ಆದ್ದರಿಂದ ಕಬ್ಬಿಣದ ಬ್ಲಾಕು, ಒಂದೇ ಕಾರ್ಬ್ಯುರೇಟರ್. ರಸ್ತೆ ಕೆಟ್ಟದ್ದು, ಆದ್ದರಿಂದ ನೆಲದಿಂದ ಎತ್ತರ, ಹಿಂದೆ ಎಲೆ ಸ್ಪ್ರಿಂಗು. ಸಣ್ಣ ಊರಿನಲ್ಲೂ ಸಿಗುವಂಥ ದುಂಡು ದೀಪ. ಮೇ ರಜೆಯಲ್ಲಿ ಊರಿಗೆ ಹೋಗುವವರಿಗಾಗಿ ಡಿಕ್ಕಿ ದೊಡ್ಡದು. ಶಕ್ತಿ ನಲವತ್ತೆರಡು ಅಶ್ವಶಕ್ತಿ.

"ಆಟವೇ ತಾನೇ, ಸಾವಿರ ಅಶ್ವಶಕ್ತಿ ಕೊಡಬಹುದಿತ್ತಲ್ಲ?" ಎಂದು ಕೇಳಿದೆವು.

"ಕೊಡಬಹುದು. ಆದರೆ ಆಗ ಅದು ೧೯೭೬ರ ಕಾರಾಗಿರುವುದಿಲ್ಲ" ಎಂದ.

ಈ ಒಂದು ಉತ್ತರಕ್ಕೆ ನಾವು ತಲೆಬಾಗಿದ್ದೇವೆ. ನಾವು ದಿನವಿಡೀ ಕಚೇರಿಯಲ್ಲಿ ಮಾಡುವುದೂ ಅದನ್ನೇ ಅಲ್ಲವೆ? ಕಡತದ ಮೇಲೆ ಬರೆಯುವ ಪ್ರತಿ ಟಿಪ್ಪಣಿಗೂ ಆಧಾರ ಬೇಕು. ನಿಯಮ, ಹಣ, ಕಾಲ ಮೂರಕ್ಕೂ ಹೊಂದಬೇಕು. ಆಧಾರವಿಲ್ಲದ ಟಿಪ್ಪಣಿಯನ್ನು ಮೇಲಧಿಕಾರಿ ವಾಪಸು ಕಳಿಸುತ್ತಾರೆ. ಈ ಹುಡುಗ ತನಗೆ ತಾನೇ ಮೇಲಧಿಕಾರಿಯಾಗಿ ತನ್ನ ಟಿಪ್ಪಣಿಯನ್ನು ಹತ್ತು ಸಲ ವಾಪಸು ಕಳಿಸಿಕೊಂಡಿದ್ದ.

ಈಗ ಆಕ್ಷೇಪಗಳಿಗೆ ಬರೋಣ. ಇದು ಸುಳ್ಳು ಕಾರು, ಇದರಿಂದೇನು ಎನ್ನುತ್ತಾರೆ. ಆರ್. ಕೆ. ನಾರಾಯಣರ ಮಾಲ್ಗುಡಿ ಯಾವ ನಕ್ಷೆಯಲ್ಲಿದೆ? ಶಂಕರ್‌ನಾಗ್ ಅದನ್ನು ಆಗುಂಬೆಯಲ್ಲಿ ಕಟ್ಟಿ ತೋರಿಸಿದಾಗ ನಾವ್ಯಾರೂ ಸುಳ್ಳು ಊರೆಂದು ಟೀವಿ ಆರಿಸಲಿಲ್ಲ. ಇಲ್ಲದ್ದನ್ನು ಇದ್ದಂತೆ ಕಟ್ಟಲು ಇರುವುದನ್ನು ಚೆನ್ನಾಗಿ ನೋಡಿರಬೇಕು.

ನಿಜವಾದ ವಿನ್ಯಾಸಕಾರರು ಮನಸ್ಸಿಗೆ ಬಂದಂತೆ ಗೆರೆ ಎಳೆಯುತ್ತಾರೆ, ಈ ನಿರ್ಬಂಧಗಳ ಗೊಡವೆ ಮಕ್ಕಳಿಗೇಕೆ ಎನ್ನುವವರೂ ಇದ್ದಾರೆ. ೨೦೦೬ರ ಬಜೆಟ್ಟನ್ನು ನೆನೆಯಿರಿ. ನಾಲ್ಕು ಮೀಟರ್ ಮೀರದ, ೧೨೦೦ ಘನ ಸೆಂಟಿಮೀಟರಿನೊಳಗಿನ ಪೆಟ್ರೋಲ್ ಅಥವಾ ೧೫೦೦ರೊಳಗಿನ ಡೀಸೆಲ್ ಕಾರುಗಳಿಗೆ ಅಬಕಾರಿ ಸುಂಕ ಶೇಕಡಾ ೨೪ರಿಂದ ೧೬ಕ್ಕೆ ಇಳಿಯಿತು. ಅಲ್ಲಿಂದೀಚೆಗೆ ಬಾಲ ಕತ್ತರಿಸಿದಂಥ ಡಿಕ್ಕಿಯ ಕಾರುಗಳು ನಮ್ಮ ರಸ್ತೆಗೆ ಬಂದವು. ಆ ಗೆರೆ ಎಳೆದ ಕೈ ವಿನ್ಯಾಸಕಾರನದಾದರೂ ಅಳತೆ ಕೊಟ್ಟದ್ದು ಸುಂಕದ ಅಧಿಸೂಚನೆ. ಇದನ್ನು ಹದಿನಾರರ ಹುಡುಗ ತಿಳಿದರೆ ನಷ್ಟವೇನು?

ಅಂಕ ಬರುವುದಿಲ್ಲ ಎಂಬುದು ಕೊನೆಯ ಆಕ್ಷೇಪ. ಇದರಲ್ಲಿ ಸತ್ಯವಿದೆ, ನಾವು ಅಲ್ಲಗಳೆಯುವುದಿಲ್ಲ. ರಾತ್ರಿ ಒಂದು ಗಂಟೆಯವರೆಗೆ ಆಡಿದರೆ ಕಣ್ಣೂ ಕೆಡುತ್ತದೆ, ಪಾಠವೂ ಕೆಡುತ್ತದೆ. ಆಟ ಕಾರ್ಖಾನೆಯಲ್ಲ, ಒಂದು ನಟ್ಟನ್ನು ಕೈಯಾರೆ ತಿರುಗಿಸಿದ ಅನುಭವವನ್ನು ಅದು ಕೊಡಲಾರದು. ಗಡಿಯಾರ ನೋಡಿ ಎಬ್ಬಿಸುವುದು ತಂದೆತಾಯಿಗಳ ಕರ್ತವ್ಯ. ಆದರೆ ಎಬ್ಬಿಸುವುದು ಬೇರೆ, ಅಳಿಸುವುದು ಬೇರೆ. ಊರು ಬಿಟ್ಟು ಬಂದ ನಾವು ಭದ್ರತೆಗಾಗಿ ಲೆಕ್ಕವನ್ನು ಪರೀಕ್ಷೆಗೆ ಅಡವಿಟ್ಟೆವು. ಪರೀಕ್ಷೆ ಮುಗಿಯಿತು, ಲೆಕ್ಕ ಮರೆಯಿತು, ನೌಕರಿ ಉಳಿಯಿತು. ಮಕ್ಕಳು ಅದೇ ಲೆಕ್ಕವನ್ನು ಸಂತೋಷದಿಂದ ಮಾಡುವುದನ್ನು ಕಂಡು ನಮಗೇಕೆ ಸಿಟ್ಟು ಬರುತ್ತದೆಂಬುದನ್ನು ನಾವೇ ಕೇಳಿಕೊಳ್ಳಬೇಕು.

ಮಕ್ಕಳಿಗೂ ಒಂದು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ದೇವಸ್ಥಾನದ ಬಾಗಿಲಿನಷ್ಟು ದೊಡ್ಡ ಜಾಲರಿ, ಬೆನ್ನ ಮೇಲೆ ವಿಮಾನದ ರೆಕ್ಕೆ, ಸಾವಿರ ಅಶ್ವಶಕ್ತಿ, ಕೆಳಗೆ ಸ್ಕೂಟರಿನಂಥ ಟೈರು! ಇಂಥ ಕಾರನ್ನು ಕಟ್ಟಲು ಅರ್ಧ ಗಂಟೆ ಸಾಕು, ಮರೆಯಲು ಅದೂ ಬೇಡ. ಯಾವ ವರ್ಷದ್ದು, ಯಾರಿಗಾಗಿ, ಎಷ್ಟು ಬೆಲೆಗೆ ಎಂದು ಕೇಳಿದರೆ ಉತ್ತರವಿಲ್ಲದ ಕಾರು ನಮ್ಮ ಹಿರಿಯರ ಆಕ್ಷೇಪಕ್ಕೇ ಪುಷ್ಟಿ ಕೊಡುತ್ತದೆ.

ಆದ್ದರಿಂದ ಕಾರ್ಯಕಾರಿ ಸಮಿತಿಗೆ ನಮ್ಮ ವಿನಂತಿ. ಬರುವ ರಾಜ್ಯೋತ್ಸವದಲ್ಲಿ ರಂಗೋಲಿ, ಭಾವಗೀತೆಗಳ ಜೊತೆಗೆ ಕಾಲ್ಪನಿಕ ಕಾರುಗಳಿಗೂ ಒಂದು ಮೇಜು ಕೊಡಿ. ಷರತ್ತು ಒಂದೇ: ಚಿತ್ರದ ಜೊತೆ ಒಂದು ಪುಟ ವಿವರಣೆ, ಕನ್ನಡದಲ್ಲಿ. ವರ್ಷ, ಕಾರ್ಖಾನೆ, ಕೊಳ್ಳುವವರು, ಪ್ರತಿ ತೀರ್ಮಾನದ ಕಾರಣ. ವಿವರಣೆಯಿಲ್ಲದ ಕಾರಿಗೆ ಬಹುಮಾನವಿಲ್ಲ. ಕನ್ನಡದಲ್ಲಿ ಬರೆಯಲು ಹಿಂಜರಿಯುವ ನಮ್ಮ ಮಕ್ಕಳು ಸಂಪೀಡನ ಅನುಪಾತದ ನೆಪದಲ್ಲಾದರೂ ನಾಲ್ಕು ಸಾಲು ಬರೆದಾರು.

ಶರಾವತಿಯನ್ನು ನೋಟುಬುಕ್ಕಿನ ಆಧಾರದಿಂದ ಮತ್ತೆ ಕಟ್ಟುವ ಕೆಲಸ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ, ಎರಡು ಗಂಟೆ ಮಾತ್ರ, ನಡೆಯುತ್ತಿದೆ. ಅಂಕಿಗಳನ್ನು ಓದಿ ಹೇಳುವ ಗುಮಾಸ್ತಗಿರಿಯನ್ನು ನಮಗೆ ಕೊಡಲಾಗಿದೆ. ಹಿಂದಿನ ಸ್ಪ್ರಿಂಗು ಸ್ವಲ್ಪ ಮೆದುವಾಗಲಿ ಎಂದು ನಾವು ಸೂಚಿಸಿದೆವು. ಕಾರಣ ಬರೆದುಕೊಡಿ ಎಂದಿದ್ದಾನೆ.