ಮೂವತ್ತು ದಿನದ ಯಜಮಾನರೇ, ಮನೆ ಅವಳು ಆರಿಸಲಿ

ಶುಕ್ರವಾರ ಜುಮಾ ಮುಗಿಸಿ ರೂಮಿಗೆ ಬಂದು ಊಟಕ್ಕೆ ಕೂತರೆ ನಮ್ಮೊಳಗೆ ಬರುವ ಮಾತು ಎರಡೇ. ಒಂದು, ಇಕಾಮ ರಿನೀವಲ್ ಆಯಿತಾ ಅಂತ. ಇನ್ನೊಂದು, ಮಂಗಳೂರಿನಲ್ಲಿ ಯಾವ ಏರಿಯಾದಲ್ಲಿ ಫ್ಲಾಟ್ ತೆಗೆಯುವುದು ಅಂತ. ಮೊನ್ನೆಯೂ ಹಾಗೇ ಆಯಿತು. ಒಬ್ಬರು ಬ್ರೋಕರ್ ಕಳಿಸಿದ ವಿಡಿಯೋ ತೋರಿಸಿದರು. ಎಂಟು ಮಂದಿ ಬಗ್ಗಿ ನೋಡಿದೆವು. ಫಳ್ನೀರ್ ಒಳ್ಳೆಯದು ಅಂತ ಒಬ್ಬರು, ಅಲ್ಲ ಅತ್ತಾವರ ಅಂತ ಇನ್ನೊಬ್ಬರು, ಕಂಕನಾಡಿಯಲ್ಲಿ ತೆಗೆದರೆ ರೇಟ್ ಕೆಳಗೆ ಬೀಳುವ ಮಾತೇ ಇಲ್ಲ ಅಂತ ಮತ್ತೊಬ್ಬರು. ಅಸರ್ ಬಾಂಕ್ ಆಗುವಷ್ಟರಲ್ಲಿ ತೀರ್ಮಾನವೂ ಆಯಿತು, ಅಡ್ವಾನ್ಸ್ ಕಳಿಸುವುದು ಅಂತ.

ಆ ಎಂಟು ಮಂದಿಯಲ್ಲಿ ಆ ಮನೆಯಲ್ಲಿ ವಾಸ ಮಾಡುವವರು ಯಾರೂ ಇಲ್ಲ. ತೆಗೆಯುವವರೂ ಅಷ್ಟೇ. ವರ್ಷಕ್ಕೆ 30 ದಿನ, ಕಂಪೆನಿಗೆ ಕರುಣೆ ಬಂದರೆ 45. ಉಳಿದ ದಿನವೆಲ್ಲ ಅಲ್ಲಿ ಇರಬೇಕಾದವಳು ಆ ಹೊತ್ತಿಗೆ ವಿಟ್ಲದ ಮನೆಯಲ್ಲಿ ಮಗುವಿಗೆ ಊಟ ಮಾಡಿಸುತ್ತಿದ್ದಳು. ಅವಳಿಗೆ ವಿಷಯ ಗೊತ್ತಾದದ್ದು ಗಂಡನ ವಾಟ್ಸ್‌ಆ್ಯಪ್ ಸ್ಟೇಟಸ್ ನೋಡಿ.

ಕೆಲವರಿಗೆ ಸಿಟ್ಟು ಬಂದರೂ ಸರಿ, ಹೇಳಿಬಿಡುತ್ತೇನೆ. ನಾವು ಮನೆ ಆರಿಸುತ್ತಿಲ್ಲ, ಮರ್ಯಾದೆ ಆರಿಸುತ್ತಿದ್ದೇವೆ. ಮಗಳ ಮದುವೆ ಮಾತುಕತೆಯಲ್ಲಿ "ಸಿಟಿಯಲ್ಲಿ ಫ್ಲಾಟ್ ಉಂಟು" ಅನ್ನುವುದಕ್ಕೆ, ಭಾವನ ಬಾಯಿ ಮುಚ್ಚಿಸುವುದಕ್ಕೆ, ಇಷ್ಟು ವರ್ಷ ಬಿಸಿಲಲ್ಲಿ ಬೆಂದದ್ದಕ್ಕೆ ಒಂದು ಗುರುತು ಬೇಕು ಅನ್ನುವುದಕ್ಕೆ. ಕೊನೆಯ ಕಾರಣ ನನಗೂ ಅರ್ಥವಾಗುತ್ತದೆ. ಆದರೆ ಆ ಗುರುತಿನ ಒಳಗೆ ದಿನ ಕಳೆಯುವವರು ಬೇರೆ.

ನಾನೂ ಇದೇ ತಪ್ಪು ಮಾಡಿದವನು. ಬ್ರೋಕರ್ ಕಳಿಸಿದ ಫೋಟೋ ನೋಡಿ, ಪೇಟೆಯ ನಡುವೆ, ಆರನೇ ಮಹಡಿಯಲ್ಲಿ ಮನೆ ತೆಗೆದೆ. ಹೆಂಡತಿ ಮೊದಲೇ ಹೇಳಿದ್ದಳು, ದೇರಳಕಟ್ಟೆ ಕಡೆ ಸಾಕು, ಉಮ್ಮನಿಗೆ ಆಸ್ಪತ್ರೆ ಹತ್ತಿರ ಆಗುತ್ತದೆ ಅಂತ. "ಅದು ಸಿಟಿಯಾ?" ಅಂತ ನಾನು ನಕ್ಕಿದ್ದೆ. ಸಿಟಿಗೆ ಹೋದ ಮೇಲೆ ಏನಾಯಿತು? ಲಿಫ್ಟ್ ಕೆಟ್ಟರೆ ಮೊಣಕಾಲು ನೋವಿನ ಉಮ್ಮ ವಾರಗಟ್ಟಲೆ ಕೆಳಗೆ ಇಳಿಯಲಿಲ್ಲ. ಊರಲ್ಲಿ ಮೀನಿನವನು ಸ್ಕೂಟರ್ ಹಾರ್ನ್ ಹೊಡೆದರೆ ಪಾತ್ರೆ ಹಿಡಿದು ಗೇಟಿಗೆ ಹೋಗುತ್ತಿದ್ದವಳು, ಆರನೇ ಮಹಡಿಯಲ್ಲಿ ಯಾವ ಹಾರ್ನನ್ನೂ ಕೇಳಲಿಲ್ಲ. ಮಗನ ಮದ್ರಸಕ್ಕೆ ದೊಡ್ಡ ರಸ್ತೆ ದಾಟಬೇಕು. ಏಳು ವರ್ಷದ ಹುಡುಗನನ್ನು ಒಬ್ಬನೇ ಕಳಿಸುವ ಹಾಗಿಲ್ಲ. ಹೋಗಲು ರಿಕ್ಷಾ, ಬರಲು ರಿಕ್ಷಾ, ಮಳೆಗಾಲದಲ್ಲಿ ರಿಕ್ಷಾವೂ ಇಲ್ಲ. ಇದೆಲ್ಲ ನನಗೆ ಗೊತ್ತೇ ಇರಲಿಲ್ಲ. ಅವಳು ಹೇಳಲಿಲ್ಲ. ದುಡ್ಡು ಹಾಕಿ ಆಗಿದೆ, ಅಲ್ಲಿ ಬಿಸಿಲಲ್ಲಿ ಇರುವವರಿಗೆ ಯಾಕೆ ಬೇಜಾರು ಅಂತ. ನಾಲ್ಕು ವರ್ಷದ ನಂತರ ಮಾರಿದೆವು. ಈಗ ಇರುವುದು ಅವಳು ಆಗ ಹೇಳಿದ ಜಾಗದ ಪಕ್ಕದಲ್ಲೇ.

"ಆದರೆ ರೇಟ್ ಏರುತ್ತದಲ್ಲ" ಅನ್ನುವವರಿಗೆ ಒಂದು ಪ್ರಶ್ನೆ. ಮಾರುತ್ತೀರಾ? ಇರುವುದಕ್ಕೆ ಅಂತ ತೆಗೆದ ಮನೆಯ ರೇಟ್ ಏರಿದರೆ ಲಾಭ ಯಾರಿಗೆ? ಮನೆ ಪಾಲು ಮಾಡುವಾಗ ಮಕ್ಕಳ ಜಗಳ ದೊಡ್ಡದಾಗುತ್ತದೆ, ಅಷ್ಟೇ. ಹಣ ಬೆಳೆಸುವುದಾದರೆ ಅಂಗಡಿ ಕೋಣೆ ತೆಗೆಯಿರಿ, ಬಾಡಿಗೆಗೆ ಕೊಡಿ. ಹೆಂಡತಿ ಮಕ್ಕಳನ್ನು ಇನ್‌ವೆಸ್ಟ್‌ಮೆಂಟಿನ ಒಳಗೆ ಬಾಡಿಗೆದಾರರ ಹಾಗೆ ಕೂರಿಸಬೇಡಿ.

ವಿಡಿಯೋದ ವಿಷಯಕ್ಕೆ ಬನ್ನಿ. ಬ್ರೋಕರ್ ವಿಡಿಯೋ ಮಾಡುವುದು ಡಿಸೆಂಬರ್, ಜನವರಿಯ ಬಿಸಿಲಿನಲ್ಲಿ. ನಾವು ರಜೆ ಹಾಕುವುದೂ ಮದುವೆ ಸೀಸನ್ ನೋಡಿ. ಜೂನ್, ಜುಲೈಯಲ್ಲಿ ಕೊಟ್ಟಾರ ಚೌಕಿಯಲ್ಲೋ ಪಂಪ್‌ವೆಲ್ಲಿನಲ್ಲೋ ನೀರು ನಿಂತಾಗ ನಮ್ಮಲ್ಲಿ ಎಷ್ಟು ಮಂದಿ ಅಲ್ಲಿ ನಿಂತು ನೋಡಿದ್ದೇವೆ? ಏಪ್ರಿಲ್, ಮೇಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು 2019ರ ಹಾಗೆ ರೇಷನ್ ಶುರುವಾದರೆ, ಎತ್ತರದ ಕಟ್ಟಡಗಳಿಗೆ ಟ್ಯಾಂಕರೇ ಗತಿ. ಆ ಟ್ಯಾಂಕರಿನ ದುಡ್ಡು ಮೆಂಟೆನೆನ್ಸ್‌ನಲ್ಲಿ ಸೇರಿದೆಯಾ ಅಂತ ವಿಡಿಯೋದಲ್ಲಿ ಹೇಳುವುದಿಲ್ಲ. ವಿಡಿಯೋಗೆ ವಾಸನೆಯೂ ಇಲ್ಲ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ತೋಟ, ಮನೆಗಳ ಮೇಲೆ ಬಂತು. ಆ ಕಡೆ ಗಾಳಿ ಬೀಸಿದರೆ ಏನಾಗುತ್ತದೆ ಅಂತ ಅಲ್ಲಿ ಒಂದು ಸಂಜೆ ನಿಂತವರಿಗೆ ಗೊತ್ತು. ಬೈಕಂಪಾಡಿ, ಜೋಕಟ್ಟೆಯ ಕಥೆ ಬೇರೆ ಹೇಳಬೇಕಾಗಿಲ್ಲ.

ಬಸ್ಸಿನದ್ದೂ ಹಾಗೇ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ ಅಂತ ನಾವು ಇಲ್ಲಿಂದ ಹೇಳುತ್ತೇವೆ. ಮಂಗಳೂರು ಪೇಟೆಯೊಳಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್, ಮಾರಾಯ್ರೆ. ಅಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ. ಬಸ್ ನಿಲ್ಲುವ ಜಾಗದಿಂದ ಮನೆಗೆ ಎಷ್ಟು ನಡೆಯಬೇಕು, ಮಗ್ರಿಬ್ ಆದ ಮೇಲೆ ಆ ದಾರಿಯಲ್ಲಿ ದೀಪ ಉಂಟಾ, ರಾತ್ರಿ ಮಗುವಿಗೆ ಜ್ವರ ಏರಿದರೆ ಯಾವ ಡಾಕ್ಟರ್ ಬಾಗಿಲು ತೆಗೆಯುತ್ತಾರೆ. ಇಂಥ ಲೆಕ್ಕ ಅವಳ ತಲೆಯಲ್ಲಿ ಓಡುತ್ತದೆ. ನಮ್ಮ ತಲೆಯಲ್ಲಿ ಓಡುವುದು ಚದರಡಿ ಲೆಕ್ಕ.

ಇನ್ನು ದೊಡ್ಡ ಮಾತು. "ನಮ್ಮವರು ಇರುವ ಏರಿಯಾದಲ್ಲೇ ತೆಗೆಯಬೇಕು." ಇದನ್ನು ನಾನು ತಮಾಷೆ ಮಾಡುವವನಲ್ಲ. ಫೋನಿನಲ್ಲಿ ಹೆಸರು ಕೇಳಿದ ಕೂಡಲೇ "ಆ ಫ್ಲಾಟ್ ನಿನ್ನೆಯೇ ಹೋಯಿತು" ಅನ್ನುವ ಬ್ರೋಕರುಗಳು ಇದ್ದಾರೆ. ನನಗೂ ಒಬ್ಬ ಹಾಗೆ ಹೇಳಿದ. ಮರುದಿನ ನನ್ನ ಕ್ರಿಶ್ಚಿಯನ್ ಗೆಳೆಯ ಕೇಳಿದಾಗ ಅದೇ ಫ್ಲಾಟ್ ವಾಪಸು ಬಂದಿತ್ತು! ಅದು ಅನ್ಯಾಯ, ಅದನ್ನು ಅನ್ಯಾಯ ಅಂತಲೇ ಹೇಳಬೇಕು. ಮತ್ತೆ 2019ರ ಡಿಸೆಂಬರ್ ಯಾರಿಗೆ ಮರೆಯುತ್ತದೆ? ಮಂಗಳೂರಿಗೆ ಕರ್ಫ್ಯೂ ಹಾಕಿ ಮೊಬೈಲ್ ಇಂಟರ್ನೆಟ್ ಕಡಿದಾಗ ನಾವು ಇಲ್ಲಿ ಟಿವಿಯಲ್ಲಿ ಬಂದರಿನ ರಸ್ತೆ ನೋಡುತ್ತಾ, ಮೆಸೇಜಿಗೆ ಒಂದೇ ಟಿಕ್ ಬೀಳುವುದನ್ನು ನೋಡುತ್ತಾ ಕೂತಿದ್ದೆವು. ಹೆದರಿಕೆ ಸುಳ್ಳಲ್ಲ.

ಆದರೆ ಆ ದಿನ ಆರನೇ ಮಹಡಿಯಲ್ಲಿ ಇದ್ದವರ ಸ್ಥಿತಿ ಕೇಳಿದ್ದೀರಾ? ನಮ್ಮವರ ಬಿಲ್ಡಿಂಗ್, ಬೋರ್ಡಿನಲ್ಲಿ ಎಲ್ಲ ನಮ್ಮದೇ ಹೆಸರು. ರಾತ್ರಿ ನೋಡಿದರೆ ಅರ್ಧಕ್ಕರ್ಧ ಕಿಟಕಿ ಕತ್ತಲೆ. ಯಜಮಾನರು ದಮ್ಮಾಮಿನಲ್ಲಿ, ದುಬೈಯಲ್ಲಿ, ದೋಹಾದಲ್ಲಿ. ಸಂಸಾರ ಊರಲ್ಲಿ, ಫ್ಲಾಟಿಗೆ ಬೀಗ. ಗಲ್ಫ್ ದುಡ್ಡಿನಲ್ಲಿ ತುಂಬಿದ ಬಿಲ್ಡಿಂಗಿನಲ್ಲಿ ಹಾಲು ಬೇಕಾದರೆ ತಟ್ಟಲು ಒಂದು ಬಾಗಿಲಿಲ್ಲ. ಅದಕ್ಕಿಂತ ಎದುರು ಮನೆಯ ತುಳು ಮಾತಾಡುವ ಅಕ್ಕ, ಪಕ್ಕದ ಕೊಂಕಣಿ ಬಾಯಿ, ಮೂಲೆಯ ದಿನಸಿ ಅಂಗಡಿಯವನು ಅವಳ ಹೆಸರು ಗೊತ್ತಿರುವವರಾದರೆ ಅದು ಗಟ್ಟಿ. ಮದ್ರಸ ಮಗುವಿನ ಕಾಲಳತೆಯಲ್ಲಿ ಇರಬೇಕು, ಮಸೀದಿಯ ಬಾಂಕ್ ಕಿವಿಗೆ ಬೀಳಬೇಕು, ಇದರಲ್ಲಿ ನನ್ನದು ಎರಡು ಮಾತಿಲ್ಲ. ಆದರೆ "ನಮ್ಮವರು" ಅಂದರೆ ಬೋರ್ಡಿನಲ್ಲಿ ಹೆಸರು ಇರುವವರಾ, ಬಾಗಿಲು ತೆರೆಯುವವರಾ? ಯಾರು ಬಾಗಿಲು ತೆರೆಯುತ್ತಾರೆ ಅಂತ ನಾಲ್ಕು ದಿನ ಹೋಗಿಬಂದು ನೋಡಿದರೆ ಅವಳಿಗೆ ಗೊತ್ತಾಗುತ್ತದೆ. ಬ್ರೋಕರನಿಗೆ ಗೊತ್ತಾಗುವುದಿಲ್ಲ, ನಿಮಗಂತೂ ಇಲ್ಲ.

"ಹೆಂಗಸರಿಗೆ ರೆಕಾರ್ಡ್, ಕಾಗದ ಎಲ್ಲ ಎಂತ ಗೊತ್ತುಂಟು?" ಇದು ಪ್ರತಿ ಸಲ ಕೇಳುವ ಮಾತು. ನಮಗೆ ಎಂತ ಗೊತ್ತುಂಟು? ನಾವು ಎಸೆಸೆಲ್ಸಿ ಮುಗಿಸಿ ವಿಮಾನ ಹತ್ತಿದವರು, ಅವಳು ಡಿಗ್ರಿ ಮಾಡಿದವಳು. ಭೂ ಪರಿವರ್ತನೆ ಆಗಿದೆಯಾ, ಇ.ಸಿ.ಯಲ್ಲಿ ಸಾಲ ಬಾಕಿ ಕಾಣುತ್ತದಾ, ಖಾತೆ ಯಾರ ಹೆಸರಿನಲ್ಲಿ, ಆಕ್ಯುಪೆನ್ಸಿ ಸರ್ಟಿಫಿಕೇಟ್ ಬಂದಿದೆಯಾ, ಇದನ್ನೆಲ್ಲ ನೋಡುವುದು ವಕೀಲರು. ಆ ವಕೀಲರು ಬಿಲ್ಡರ್ ತೋರಿಸಿದವರಾಗಿರಬಾರದು, ಅಷ್ಟು ನೆನಪಿಡಿ. ಹೊಸ ಪ್ರಾಜೆಕ್ಟ್ ಆದರೆ ಕರ್ನಾಟಕ ರೇರಾದ ವೆಬ್‌ಸೈಟಿನಲ್ಲಿ ನೋಂದಣಿ ಸಂಖ್ಯೆ, ಮುಗಿಸುವ ದಿನಾಂಕ ಎರಡೂ ಸಿಗುತ್ತದೆ. ಫೋನಿನಲ್ಲಿ ಅವಳೇ ನೋಡಬಹುದು. ಒಂದು ಎಚ್ಚರಿಕೆ ಮಾತ್ರ ನಮ್ಮ ಪಾಲಿಗೆ. ಅನಿವಾಸಿಗಳಾದ ನಾವು ಮನೆ, ಫ್ಲಾಟ್ ತೆಗೆಯಬಹುದು, ಕೃಷಿ ಭೂಮಿಯನ್ನೋ ತೋಟವನ್ನೋ ಖರೀದಿಸುವ ಹಾಗಿಲ್ಲ. ಪರಿವರ್ತನೆ ಆಗದ ತೋಟಕ್ಕೆ ನಾಲ್ಕು ಕಲ್ಲು ನೆಟ್ಟು "ಸೈಟ್" ಅಂತ ತೋರಿಸುವವರ ಬಾಯಿಗೆ ಬೀಳಬೇಡಿ.

ರಿಜಿಸ್ಟ್ರೇಷನ್‌ಗೆ ಬರಲು ಆಗದಿದ್ದರೆ ಏನು ಮಾಡುತ್ತೇವೆ? ಕಾನ್ಸುಲೇಟಿಗೆ ಹೋಗಿ ಪವರ್ ಆಫ್ ಅಟಾರ್ನಿ ಅಟೆಸ್ಟ್ ಮಾಡಿಸಿ ತಮ್ಮನಿಗೆ ಕಳಿಸುತ್ತೇವೆ, ಇಲ್ಲವೇ ಭಾವನಿಗೆ. ತಮ್ಮ, ಭಾವ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಆದರೆ ಅವಳಿಗೆ ಯಾಕೆ ಇಲ್ಲ? ತಿಂಗಳು ತಿಂಗಳು ನಾವು ಕಳಿಸುವ ದುಡ್ಡಿನಲ್ಲಿ ಉಮ್ಮನ ಮದ್ದು, ಮಕ್ಕಳ ಫೀಸು, ನೆಂಟರ ಮದುವೆಯ ಉಡುಗೊರೆ ಎಲ್ಲ ತೂಗಿಸಿ ಮನೆ ನಡೆಸಿದವಳು ಅವಳು. ಖದೀಜಾ ಬೀವಿ (ರ) ಅವರ ವ್ಯಾಪಾರದ ಬಗ್ಗೆ ನಾವು ಪ್ರವಚನ ಕೇಳಿ ತಲೆದೂಗುತ್ತೇವೆ. ಮನೆಗೆ ಬಂದರೆ ಸೇಲ್ ಡೀಡಿನಲ್ಲಿ ಹೆಂಡತಿಯ ಹೆಸರು ಸೇರಿಸುವಾಗ ಪೆನ್ನಿನ ಶಾಯಿ ಒಣಗುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಬಂದರು, ಉಳ್ಳಾಲ ಕಡೆ ಪುದಿಯಾಪ್ಳೆಯೇ ಹೆಂಡತಿಯ ಮನೆಗೆ ಹೋಗಿ ಇರುತ್ತಿದ್ದ. ಮನೆ ಅಂದರೆ ಹೆಂಗಸಿನ ಮನೆ. ಅದನ್ನು ಹಳೇ ಕಾಲ ಅಂತ ಬಿಟ್ಟವರು ನಾವು, ಈಗ ಮುಂದುವರಿದವರೂ ನಾವೇ!

ಕಡೆಗೆ ನಮ್ಮ ಸಂಘಟನೆಗೇ ಒಂದು ಮಾತು, ಸಂಪಾದಕರು ಕತ್ತರಿ ಹಾಕದಿದ್ದರೆ. ಸ್ನೇಹಕೂಟದ ವೇದಿಕೆಯ ಹಿಂದೆ ಬಿಲ್ಡರುಗಳ ಬ್ಯಾನರ್, ಗೇಟಿನಲ್ಲಿ ಬ್ರೋಶರ್, ನಡುವೆ ಐದು ನಿಮಿಷ ಅವರ ಭಾಷಣ. ಸ್ಪಾನ್ಸರ್ ಬೇಕು, ಒಪ್ಪುತ್ತೇನೆ. ಆದರೆ ಆ ಪೆಂಡಾಲಿನಲ್ಲಿ ಕೂತವರೆಲ್ಲ ವರ್ಷಕ್ಕೆ 30 ದಿನದವರು. ಮುಂದಿನ ರಂಝಾನಿನ ಮೊದಲು ಮಂಗಳೂರಿನಲ್ಲೇ ಒಂದು ಹಾಲ್ ಹಿಡಿದು ಸದಸ್ಯರ ಮನೆಯ ಹೆಂಗಸರನ್ನು ಕರೆಯಿರಿ. ಯಾವ ಬಿಲ್ಡರಿನ ನಂಟೂ ಇಲ್ಲದ ಒಬ್ಬ ವಕೀಲರನ್ನು ಕೂರಿಸಿ, ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಲಿ. ಖರ್ಚಿಗೆ ನಮ್ಮ ರೂಮಿನ ಎಂಟು ಮಂದಿಯ ಪಾಲು ಈಗಲೇ ಬರೆದುಕೊಳ್ಳಿ. ಅಡ್ವಾನ್ಸ್ ಕಳಿಸಲು ಹೊರಟವರ ಪಾಲು ಡಬಲ್, ಅವರು ಒಪ್ಪಿದ್ದಾರೆ. ಅವರ ಹೆಂಡತಿ ನಿನ್ನೆ ವಿಟ್ಲದಿಂದ ಬಸ್ ಹತ್ತಿ ಆ ಫ್ಲಾಟ್ ನೋಡಲು ಹೋಗಿದ್ದಾರೆ. ಚೆಕ್ ಇನ್ನೂ ಇವರ ಪೆಟ್ಟಿಗೆಯಲ್ಲೇ ಉಂಟು.