ಬೀಸುಕಲ್ಲಿನ ಪದ ಓದಿದ ಇತಿಹಾಸಕಾರ

ವಿಜಯಪುರದಲ್ಲಿ ಇತಿಹಾಸ ಪಾಠ ಮಾಡುವ ನನ್ನನ್ನು ವಿದ್ಯಾರ್ಥಿಗಳು ವರ್ಷವರ್ಷವೂ ಕೇಳುವುದುಂಟು: ‘ಸರ್, ನಮ್ಮ ಕಡಿ ಮಂದಿ ಮುಸಲ್ಮಾನರಾಗಿದ್ದು ಕತ್ತಿಗೆ ಅಂಜಿ ಏನು, ಸೂಫಿಗಳಿಗೆ ಮನಸೋತು ಏನು?’ ಎರಡರಲ್ಲಿ ಒಂದನ್ನು ನಾನು ಹೇಳಲೇಬೇಕು ಎಂಬಂತೆ ನೋಡುತ್ತಾರೆ. ನಾನು ರಿಚರ್ಡ್ ಈಟನ್ ಅವರ ‘ಸೂಫೀಸ್ ಆಫ್ ಬಿಜಾಪುರ್’ ಪುಸ್ತಕವನ್ನು ಅವರ ಕೈಗಿಡುತ್ತೇನೆ.

ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಕಲಿಸಿದ ಈಟನ್ 1978ರಲ್ಲಿ ಈ ಪುಸ್ತಕ ತಂದರು. ಫಾರ್ಸಿ ಚರಿತ್ರೆಗಳಿಗೇ ನಿಲ್ಲದೆ ದಖನಿ ಭಾಷೆಯ ಚಕ್ಕಿನಾಮಾಗಳನ್ನೂ ಓದಿದರು. ಸೂಫಿಗಳು ಕಟ್ಟಿದ, ಹೆಂಗಸರು ಕಾಳು ಬೀಸುತ್ತ ಹಾಡುತ್ತಿದ್ದ ಪದಗಳವು. ಅಂಥದೊಂದು ಪದದಲ್ಲಿ ಬೀಸುಕಲ್ಲಿನ ಗೂಟ ಅರಬ್ಬಿಯ ಮೊದಲ ಅಕ್ಷರ ಅಲಿಫ್‌ನಂತೆ ನೆಟ್ಟಗೆ ನಿಂತಿದೆ, ಅದು ಅಲ್ಲಾಹ. ನಡುವಿನ ಕೀಲು ಪೈಗಂಬರರು. ಓದುಬರಹ ಕಾಣದ ಹೆಣ್ಣುಮಗಳೂ ಕಲ್ಲು ತಿರುಗುವ ಲಯದಲ್ಲೇ ಇದನ್ನು ಬಾಯಿಪಾಠ ಮಾಡಿಕೊಳ್ಳಬಹುದಿತ್ತು, ಜೋಗುಳದಲ್ಲಿ ಮಗುವಿಗೂ ದಾಟಿಸಬಹುದಿತ್ತು. ಮತಾಂತರ ಎಂಬುದು ಒಂದು ದಿನದ ಘಟನೆಯಲ್ಲ, ದರ್ಗಾದ ಸುತ್ತ ತಲೆಮಾರುಗಳ ಕಾಲ ನಡೆದ ನಿಧಾನದ ಬದಲಾವಣೆ ಎಂಬ ಅವರ ವಾದಕ್ಕೆ ಬಲ ಬಂದದ್ದು ಇಲ್ಲಿಂದ. ಬೀಸುವ ಪದ ಕೇಳಿ ಬೆಳೆದ ನಮ್ಮ ಸೀಮೆಯವರಿಗೆ ಇದು ತಟ್ಟನೆ ಅರ್ಥವಾಗುತ್ತದೆ.

ಸೂಫಿಗಳನ್ನು ಕೊಂಡಾಡಲೆಂದೇ ಈಟನ್‌ರನ್ನು ಉದ್ಧರಿಸುವವರು ಮಾತ್ರ ಉಳಿದ ಅಧ್ಯಾಯಗಳನ್ನೂ ಓದಬೇಕು. ಕತ್ತಿ ಹಿಡಿದ ಸೂಫಿಗಳೆಂದು ನೆನಪಿನಲ್ಲಿ ಉಳಿದವರು, ಇನಾಮು ಭೂಮಿ ಪಡೆದು ದರ್ಬಾರಿಗೆ ಹತ್ತಿರವಾದವರು, ಎಲ್ಲರೂ ಅಲ್ಲಿದ್ದಾರೆ. ಯಾರನ್ನೂ ಈಟನ್ ಮುಚ್ಚಿಡಲಿಲ್ಲ. ನಾನು ಅವರನ್ನು ನಂಬುವುದು ಇದಕ್ಕೇ.

ಬಂಗಾಳದಲ್ಲಿ ಇಸ್ಲಾಂ ಹರಡಿದ ಬಗೆಯ ಕುರಿತ 1993ರ ಪುಸ್ತಕದಲ್ಲಿ ಅವರು ಇನ್ನೂ ಗಟ್ಟಿಯಾದ ಪ್ರಶ್ನೆ ಎತ್ತಿದರು. ಕತ್ತಿಯೇ ಕಾರಣವಾಗಿದ್ದರೆ ದಿಲ್ಲಿ, ಆಗ್ರಾ ಸುತ್ತಲೇ ಮುಸಲ್ಮಾನರು ಹೆಚ್ಚಿರಬೇಕಿತ್ತು. ದೂರದ ಪೂರ್ವ ಬಂಗಾಳದ ರೈತರಲ್ಲಿ ಏಕೆ? ಗಂಗೆಯ ಹರಿವು ಪೂರ್ವಕ್ಕೆ ಸರಿದದ್ದು, ಕಾಡು ಕಡಿದು ಭತ್ತದ ಗದ್ದೆ ಮಾಡಿದ್ದು, ಆ ಹೊಸ ಹಳ್ಳಿಗಳಲ್ಲಿ ಮಸೀದಿ ಎದ್ದದ್ದು ಅವರ ಉತ್ತರ. ಅದಕ್ಕಾಗಿ ಮೊಘಲ್ ಕಾಲದ ಭೂಮಿಯ ದಾನಪತ್ರಗಳನ್ನು ಒಂದೊಂದಾಗಿ ಓದಿದರು. ಮೊಘಲ್ ಅಧಿಕಾರಿಗಳಿಗೆ ಬೇಕಿದ್ದುದು ಕಂದಾಯ, ಮತಾಂತರವಲ್ಲ.

ನಮ್ಮ ಊರಿನ ಇತಿಹಾಸವನ್ನು ಇಷ್ಟು ಶ್ರಮಪಟ್ಟು ಓದಿದವರು ಹೊರಗಿನವರು ಎಂದು ಹೆಮ್ಮೆಪಟ್ಟು ಸುಮ್ಮನಾದರೆ ಸಾಲದು. ಕರ್ನಾಟಕದ ವಿಶ್ವವಿದ್ಯಾಲಯಗಳು ಇತಿಹಾಸದ ಎಂ.ಎ. ವಿದ್ಯಾರ್ಥಿಗಳಿಗೆ ಹಳಗನ್ನಡದ ಜೊತೆಗೆ ಫಾರ್ಸಿ, ದಖನಿಗಳನ್ನೂ ಕಲಿಸಲಿ. ಆದಿಲ್‌ಶಾಹಿ ಕಾಲದ ಫರ್ಮಾನನ್ನು ನನ್ನ ವಿದ್ಯಾರ್ಥಿ ತಾನೇ ಓದುವಂತಾಗಬೇಕು, ಈಟನ್ ತಪ್ಪಿದ್ದರೆ ತಿದ್ದುವಂತಾಗಬೇಕು.