ಬುಲೆಟ್ ಚಾಲೂ ಆಗದಿದ್ರೆ ಮೊದಲು ಜೇಬಿಗೆ ಕೈ ಹಾಕಬೇಡಿ

ಹುಬ್ಬಳ್ಳಿ-ಧಾರವಾಡ ಬೈಪಾಸ್ ಶುರುವಾಗೋದೇ ನಮ್ಮ ಗಬ್ಬೂರಿನಲ್ಲಿ. ಒಂದು ಕಡೆ ಲಾರಿಗಳ ಸಾಲು, ಇನ್ನೊಂದು ಕಡೆ ಎರೆ ಹೊಲ. ಇಲ್ಲಿ ಬುಲೆಟ್ ಅಂದ್ರೆ ಬರೀ ಶೋಕಿ ಅಲ್ಲ. ಗೊಬ್ಬರದ ಚೀಲ, ಹಾಲಿನ ಕ್ಯಾನು, ಔಷಧ ಹೊಡೆಯೋ ಪಂಪು ಎಲ್ಲಾ ಅದರ ಮೇಲೇ ಹೋಗಬೇಕು. ಅಂಥ ಗಾಡಿ ಮುಂಜಾನೆ ಚಾಲೂ ಆಗದಿದ್ರೆ ಅವತ್ತಿನ ಕೆಲಸ ಅರ್ಧ ಕೆಟ್ಟ ಹಾಗೆ.

ಹೋದ ಮಳೆಗಾಲ ನಮ್ಮ ಓಣಿಯ ಹುಡುಗನೊಬ್ಬನಿಗೆ ಹೀಗೇ ಆಯ್ತು. ಕಿಕ್ ಮತ್ತು ಸೆಲ್ಫ್ ಎರಡೂ ಇರೋ ಕಾರ್ಬೊರೇಟರ್ ಗಾಡಿ. ಅರ್ಧ ತಾಸು ಸೆಲ್ಫ್ ಒತ್ತಿ ಬ್ಯಾಟರಿ ಇಳಿಸಿದ. ಆಮೇಲೆ ಗಾಡಿಯನ್ನ ಟಂಟಂ ಮೇಲೆ ಹೇರಿಕೊಂಡು ಗ್ಯಾರೇಜಿಗೆ ಒಯ್ದ. ಬ್ಯಾಟರಿ ಹೊಸದು, ಪ್ಲಗ್ ಹೊಸದು, ಕಾಯಿಲ್ ಹೊಸದು. ಒಟ್ಟು ಆರು ಸಾವಿರದ ಮೇಲೆ ಹೋಯ್ತು. ಹೆಸರು ಮಾರಿ ತಂದಿದ್ದ ದುಡ್ಡು ಅದು. ಎರಡು ವಾರಕ್ಕೆ ಮತ್ತೆ ಅದೇ ಕಥೆ. ಆಗ ನನ್ನ ಹತ್ರ ಬಂದ, "ಅಣ್ಣಾ, ಇಂಜಿನ್ ಬಿಚ್ಚಿಸಬೇಕಂತ, ಏನ್ ಮಾಡ್ಲಿ?" ಅಂತ.

ನಾನು ಕೇಳಿದ್ದು ಒಂದೇ ಮಾತು. "ಕೊನೇ ಸಲ ಸರಿಯಾಗಿ ಓಡಿದ ಮೇಲೆ ಗಾಡಿಗೆ ಏನ್ ಮಾಡಿದ್ಯೋ?"

"ಏನೂ ಇಲ್ಲಣ್ಣ. ತೊಳದೆ ಅಷ್ಟ."

ತೊಳೆದದ್ದು ಹತ್ತಿಗೆ ಔಷಧ ಹೊಡೆಯೋ ಎಚ್‌ಟಿಪಿ ಪಂಪಿನಿಂದ! ಪ್ಲಗ್ಗಿನ ಕ್ಯಾಪ್ ಕಿತ್ತು ನೋಡಿದ್ರೆ ಒಳಗೆ ನೀರು. ಕ್ಯಾಪಿನ ರಬ್ಬರ್ ಹರಿದಿತ್ತು. ಕರೆಂಟು ಪ್ಲಗ್ಗಿನ ತುದಿಗೆ ಹೋಗಿ ಕಿಡಿ ಆಗೋ ಬದಲು, ನೀರಿನ ಜೋಡಿ ಇಂಜಿನ್ ಮೈಗೆ ಇಳಿದು ಹೋಗ್ತಿತ್ತು. ಬಟ್ಟೆಯಿಂದ ಒರೆಸಿ, ಸ್ವಲ್ಪ ಹೊತ್ತು ಬಿಸಿಲಿಗೆ ಬಿಟ್ಟು, ಎರಡು ಕಿಕ್ ಹೊಡೆದ ಕೂಡಲೇ ಚಾಲೂ. ಮೊದಲ ಸಲ ಗ್ಯಾರೇಜಿನಲ್ಲಿ ಚಾಲೂ ಆಗಿದ್ದೂ ಹೊಸ ಕಾಯಿಲಿನಿಂದ ಅಲ್ಲ ಅಂತ ನನ್ನ ಅಂದಾಜು. ರಾತ್ರಿಯೆಲ್ಲಾ ನೆರಳಿನಲ್ಲಿ ನಿಂತು ಕ್ಯಾಪ್ ಒಣಗಿತ್ತು, ಅಷ್ಟೇ.

ಬೋರ್‌ವೆಲ್ ಮೋಟಾರ್ ಓಡದಿದ್ರೆ ನಾವು ಏನ್ ಮಾಡ್ತೀವಿ? ಮೂರೂ ಫೇಸ್ ಬಂದಾವೇನು ನೋಡ್ತೀವಿ. ಫ್ಯೂಸ್ ನೋಡ್ತೀವಿ. ಸ್ಟಾರ್ಟರ್ ಡಬ್ಬಿ ತೆಗೆದು ನೋಡ್ತೀವಿ. ಇಷ್ಟೆಲ್ಲಾ ಆದ ಮೇಲೇ ಪೈಪ್ ಎತ್ತುವವರಿಗೆ ಫೋನು. ಮೊದಲೇ ಮೋಟಾರ್ ಮೇಲೆತ್ತಿಸುವವನನ್ನ ಊರೆಲ್ಲಾ ನಗುತ್ತದೆ. ಆದ್ರೆ ಗಾಡಿ ವಿಷಯಕ್ಕೆ ಬಂದ್ರೆ ನಾವೆಲ್ಲಾ ಮೊದಲೇ ಮೋಟಾರ್ ಎತ್ತಿಸೋರೇ. ಇದರಲ್ಲಿ ಮೆಕ್ಯಾನಿಕ್ಕಿನ ತಪ್ಪು ಮಾತ್ರ ಅಂತ ನಾನು ಹೇಳೋದಿಲ್ಲ. ಹತ್ತು ನಿಮಿಷ ಕೂತು ನೋಡಿದ್ದಕ್ಕೆ ನೂರು ರೂಪಾಯಿ ಕೇಳಿದ್ರೆ ನಾವು ಜಗಳ ತೆಗೀತೀವಿ, ಪಾರ್ಟ್ ಹಾಕಿದ್ರೆ ಸುಮ್ಮನೆ ಎಣಿಸಿ ಕೊಡ್ತೀವಿ. ಅವನಾದ್ರೂ ಏನು ಮಾಡಬೇಕು?

ಹಂಗಾಗಿ ನನ್ನ ಅಭಿಪ್ರಾಯ ಇಷ್ಟು: ಪಾರ್ಟ್ ಕೊಳ್ಳೋ ಮೊದಲು ಗಾಡಿ ಮಾಡೋ ಸದ್ದು ಕೇಳಿ.

ಸೆಲ್ಫ್ ಒತ್ತಿದಾಗ ಏನೂ ಸದ್ದಿಲ್ಲ ಅಂದ್ರೆ ಇಂಜಿನ್ ಕಡೆ ಹೋಗಲೇಬೇಡಿ. ಕೆಂಪು ಕಿಲ್ ಸ್ವಿಚ್, ಗೇರ್ ನ್ಯೂಟ್ರಲ್, ಸೈಡ್ ಸ್ಟ್ಯಾಂಡ್, ಫ್ಯೂಸ್, ಇಷ್ಟರಲ್ಲೇ ಎಲ್ಲೋ ಇರುತ್ತದೆ. ಸೈಡ್ ಸ್ಟ್ಯಾಂಡಿನ ಸ್ವಿಚ್ಚಿಗೆ ಎರೆ ಮಣ್ಣು ಮೆತ್ತಿ ಒಣಗಿದ್ರೂ ಸಾಕು, ಸ್ಟ್ಯಾಂಡ್ ಎತ್ತಿದ್ರೂ ಗಾಡಿಗೆ ಅದು ಇಳಿದಂತೇ ಲೆಕ್ಕ. ಕಾಳಿನ ಚೀಲದ ಪಕ್ಕ ಗಾಡಿ ನಿಲ್ಲಿಸೋರು ಇಲಿ ವಾಯರ್ ಕಡಿದಿದೆಯೇನು ಅಂತಲೂ ನೋಡಿ. "ಟಕ್ ಟಕ್" ಅಂದ್ರೆ ಬ್ಯಾಟರಿ ಇಳಿದಿದೆ, ಇಲ್ಲಾ ಟರ್ಮಿನಲ್ ಸಡಿಲಾಗಿ ಹಸಿರು-ಬಿಳಿ ಪುಡಿ ಕಟ್ಟಿದೆ. ಮೈನಸ್ ಕಡೆ ಮೊದಲು ಬಿಚ್ಚಿ, ಅಡುಗೆ ಸೋಡಾ ಹಾಕಿದ ಬಿಸಿನೀರಿನಿಂದ ಉಜ್ಜಿ, ಒಣಗಿಸಿ, ಬಿಗಿ ಮಾಡಿ. ಮೀಟರ್ ಇದ್ರೆ ರಾತ್ರಿ ನಿಂತ ಗಾಡಿಯ ಬ್ಯಾಟರಿ ಮುಂಜಾನೆ ನೋಡಿ. 12.6 ವೋಲ್ಟ್ ಅಂದ್ರೆ ತುಂಬಿದೆ, 12.2 ಅಂದ್ರೆ ಸುಮಾರು ಅರ್ಧ. ಸೆಲ್ಫ್ ಒತ್ತಿದಾಗ 9.5ಕ್ಕಿಂತ ಕೆಳಗೆ ಬಿದ್ರೆ ಒತ್ತೋದು ನಿಲ್ಲಿಸಿ. ಸೊರಗಿದ ಬ್ಯಾಟರಿ ಮೇಲೆ ದೊಡ್ಡ ಸಿಂಗಲ್ ಸಿಲಿಂಡರ್ ತಿರುಗಿಸಲು ಹೋದ್ರೆ ಪಿಸ್ಟನ್ ಹಿಂದಕ್ಕೆ ಒದೆಯುತ್ತದೆ, ಸೆಲ್ಫಿನ ಸ್ಪ್ರ್ಯಾಗ್ ಕ್ಲಚ್ ಹೋಗುತ್ತದೆ. ಆಗ ಸೆಲ್ಫ್ ಮಾತ್ರ "ಜುಂಯ್" ಅಂತ ತಿರುಗುತ್ತದೆ, ಇಂಜಿನ್ ತಿರುಗೋದಿಲ್ಲ. ಬ್ಯಾಟರಿ ಚಾರ್ಜ್ ಮಾಡಿಸೋ ಖರ್ಚೆಲ್ಲಿ, ಇಂಜಿನ್ ಪಕ್ಕ ಬಿಚ್ಚಿಸೋ ಖರ್ಚೆಲ್ಲಿ?

ಇಂಜಿನ್ ಚೆನ್ನಾಗಿ ತಿರುಗಿ ಬೆಂಕಿ ಮಾತ್ರ ಹಿಡೀತಿಲ್ಲ ಅಂದ್ರೆ ಎರಡೇ ದಾರಿ: ಕಿಡಿ, ಇಲ್ಲಾ ಪೆಟ್ರೋಲು. ಪ್ಲಗ್ ತೆಗೆದು ನೋಡಿ. ಒದ್ದೆ ಇದ್ರೆ ಪೆಟ್ರೋಲು ಬರ್ತಿದೆ, ಪೂರಾ ಒಣಗಿದ್ರೆ ಬರ್ತಿಲ್ಲ. ಒದ್ದೆ ಇದ್ರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಚೋಕ್ ತೆಗೆದು, ಆಕ್ಸಿಲೇಟರ್ ಪೂರಾ ತಿರುವಿ ಹಿಡಿದು ಏಳೆಂಟು ಕಿಕ್ ಹೊಡೆದ್ರೆ ಒಳಗಿನದು ಹೊರಗೆ ಹೋಗುತ್ತದೆ. ಕಿಡಿ ನೋಡುವಾಗ ಪ್ಲಗ್ಗಿನ ಲೋಹವನ್ನ ಇಂಜಿನ್ನಿಗೆ ಗಟ್ಟಿ ತಾಗಿಸಿ ಹಿಡೀಬೇಕು, ಪ್ಲಗ್ ತೂತಿನಿಂದ ದೂರ. ಪಕ್ಕದಲ್ಲಿ ಪೆಟ್ರೋಲ್ ಚೆಲ್ಲಿದ್ರೆ ಈ ಪರೀಕ್ಷೆ ಬೇಡವೇ ಬೇಡ. ಗಾಡಿ ಹೋದ್ರೆ ಹೋಗ್ಲಿ, ಮುಖ ಸುಡೋದು ಬೇಡ.

ವಾರಗಟ್ಟಲೆ ನಿಂತ ಗಾಡಿಗೆ ಇನ್ನೊಂದು ಮಾತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್. ನಾವು ಬೆಳೆದ ಕಬ್ಬು, ಗೋವಿನಜೋಳದಿಂದಲೇ ಆಗೋದು, ಬೈಯೋದಿಲ್ಲ. ಆದ್ರೆ ಎಥೆನಾಲ್ ನೀರನ್ನ ಎಳೆದುಕೊಳ್ಳುತ್ತದೆ. ನೀರು ಜಾಸ್ತಿ ಆದ್ರೆ ಎರಡೂ ಕೂಡಿ ಟ್ಯಾಂಕಿನ ತಳಕ್ಕೆ ಇಳೀತಾವೆ, ಗಾಡಿ ಪೆಟ್ರೋಲ್ ಎಳೆಯೋದೂ ತಳದಿಂದಲೇ. ಕಾರ್ಬೊರೇಟರಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಗಾಜಿನ ಲೋಟದಲ್ಲಿ ಹಿಡಿದು ನೋಡಿದ್ರೆ ಗೊತ್ತಾಗುತ್ತದೆ.

"ಹೊಸ ಗಾಡಿಯಲ್ಲಿ ಎಲ್ಲಾ ಸೆನ್ಸರ್, ನಮಗೇನು ತಿಳೀತದ?" ಅಂತ ಕೇಳೋರಿದ್ದಾರೆ. ಅರ್ಧ ಒಪ್ಪುತ್ತೇನೆ. 2020ರಿಂದ ಬಿಎಸ್-6 ಬಂತು, ಕಾರ್ಬೊರೇಟರ್ ಹೋಯ್ತು. 2021ರ ಕ್ಲಾಸಿಕ್, 2023ರ ಬುಲೆಟ್‌ಗೆ ಕಿಕ್ಕೇ ಇಲ್ಲ. ಆದ್ರೂ ಕೀ ಆನ್ ಮಾಡಿದಾಗ ಟ್ಯಾಂಕಿನೊಳಗೆ ಪಂಪು ಎರಡು ಸೆಕೆಂಡ್ ಗುಂಯ್ ಅನ್ನೋದು ಕಿವಿಗೆ ಕೇಳುತ್ತದಲ್ಲ? ಅದು ಕೇಳದಿದ್ರೆ ಫ್ಯೂಸ್ ನೋಡಿ. ಬದುವಿನ ಮೇಲೆ ಗಾಡಿ ಜಾರಿ ಬಿದ್ದಿದ್ರೆ ಸೆನ್ಸರ್ ತಾನೇ ಇಂಜಿನ್ ಬಂದ್ ಮಾಡಿರುತ್ತದೆ. ಎತ್ತಿ ನಿಲ್ಲಿಸಿ, ಕೀ ಆಫ್ ಮಾಡಿ, ಮತ್ತೆ ಆನ್ ಮಾಡಿ. ಕಿಕ್ ಇಲ್ಲದ ಗಾಡಿ ಕೊಂಡವರು ಸೈಲೆನ್ಸರಿಗೆ ಹಾಕೋ ದುಡ್ಡಿನಲ್ಲಿ ಒಂದು ಬ್ಯಾಟರಿ ಚಾರ್ಜರ್ ಕೊಳ್ಳಲಿ ಅಂತ ನನ್ನ ಹಠ.

ಹಳೇ ಬೀಡಿನ ಬುಲೆಟ್ ಇರೋರಿಗೆ ಬೇರೆ ಎಚ್ಚರಿಕೆ. ಕಿಕ್ ಗಟ್ಟಿಯಾಗೋ ತನಕ ಒತ್ತಿ, ಡಿಕಂಪ್ರೆಷನ್ ಲಿವರ್ ಹಿಡಿದು, ಆ್ಯಂಪಿಯರ್ ಮುಳ್ಳು ನಡುಮಧ್ಯಕ್ಕೆ ಬರೋ ತನಕ ಸ್ವಲ್ಪ ತುಳಿದು, ಲಿವರ್ ಬಿಟ್ಟು, ಆಮೇಲೆ ಮೇಲಿಂದ ಪೂರಾ ಒದೀಬೇಕು. ನಮ್ಮ ಕಾಕಾ ಬಿತ್ತನೆ ಗಡಿಬಿಡಿಯಲ್ಲಿ ಚಪ್ಪಲಿ ಕಾಲಿನಲ್ಲೇ ಅರ್ಧ ಕಿಕ್ ಹೊಡೆದ್ರು. ಅದು ವಾಪಸ್ ಒದೀತು, ಪಾದದ ಗೆಣ್ಣು ಮುರೀತು. ಆ ವರ್ಷ ನಮ್ಮ ಹೊಲ ಬಿತ್ತಿದ್ದು ಬೇರೆಯವರು.

ಫೋನ್ ಕೈಯಲ್ಲಿದ್ರೆ ಯಾರದೋ ವಿಡಿಯೋ ನೋಡೋ ಬದಲು ನಿಮ್ಮ ಗಾಡಿ ಸದ್ದನ್ನೇ ವಿಡಿಯೋ ಮಾಡಿ. ವಾಯರ್ ಕೀಳೋ ಮೊದಲು ಫೋಟೋ ತೆಗೀರಿ. ಮೆಕ್ಯಾನಿಕ್ಕಿಗೆ ಆ ವಿಡಿಯೋ ಕಳಿಸಿ, ನೋಡಿ ಹೇಳಿದ್ದಕ್ಕೆ ಫೋನ್‌ಪೇ ಮಾಡಿ.

ಆ ಹುಡುಗ ಈಗಲೂ ಎಚ್‌ಟಿಪಿ ಪಂಪಿನಿಂದಲೇ ಗಾಡಿ ತೊಳೀತಾನೆ. ಆದ್ರೆ ಮೊದಲು ಪ್ಲಗ್ಗಿಗೆ ಹಾಲಿನ ಪಾಕೀಟು ಕಟ್ತಾನೆ.